ತಿಂಗಳಿಗೊಂದು ಮಾತ್ರೆ

ಗಟ್ಟಿಯಾಗಿ ಹಿಡ್ಕೋ ಅಂತಾಳೆ ತಾಜಿಗುಲ್. ಹಿಡಿದಿದ್ದೇನೆ.
ಮಂಡಿಗಳ ನಡುವೆ ಅಕ್ತೋಶನ ಕತ್ತು,
ಹೆಬ್ಬೆರಳು ದವಡೆಯ ಸಂದಿಗೆ.
ಕುರಿಬಾಲದ ಕೊಬ್ಬಿನಲ್ಲಿ ಮಾತ್ರೆ ಅಡಗಿಸಿ
ನಾಲಿಗೆಯ ಬುಡಕ್ಕೆ ತಳ್ಳಿ, ಗಂಟಲು ನೀವುತ್ತಾಳೆ.
ನುಂಗಿತು.
ವಹಿಯಲ್ಲಿ ಒಂದು ಗೀಟು. ಈ ಬೀದಿಗೆ ಇಪ್ಪತ್ತೇಳನೇ ನಾಯಿ.

‘ನಾಳೆ ಸಂಜೆವರೆಗೂ ಬಿಚ್ಚಬೇಡ ಅಜ್ಜ,
ಹಾಕಿದ್ದನ್ನೆಲ್ಲ ಸುಟ್ಟು ಹೂತುಬಿಡು.’
ಆಗಲಿ ತಾಯಿ.
ಅಲಾಯ್ ಕಣಿವೆಯ ಉದ್ದಕ್ಕೂ ಕುರಿ ಕಾಯ್ದವನು
ಈಗ ನಾಯಿಯ ಹೇಲು ಕಾಯುತ್ತೇನೆ.

ಎರಡು ವಸಂತದ ಹಿಂದೆ ಶಾಲೆಗೆ ಬಂತು ಆ ಯಂತ್ರ.
ಅಂಗಿ ಎತ್ತಿ ಸಾಲು ನಿಂತವು ಮಕ್ಕಳು,
ಹೊಟ್ಟೆಗೆ ಸವರಿದ ತಣ್ಣನೆ ಲೋಳೆಗೆ ಕಿಲಕಿಲ.
ನಮ್ಮ ಸಿಂಬಾತ್‌ಳ ಸರದಿಗೆ ಆ ಕೈ ನಿಂತಿತು,
ಹಿಂದೆ ಸರಿಯಿತು, ಮತ್ತೆ ಅಲ್ಲೇ ಬಂತು.
ಪರದೆಯ ತುಂಬ ಬೂದು ಹಿಮ,
ಹಿಮದ ನಡುವೆ ಒಂದು ಕಪ್ಪು ಕೊಳ,
ಬಟ್ಟಲು ಬೋರಲಿಟ್ಟು ಗೆರೆ ಎಳೆದಷ್ಟು ದುಂಡಗೆ.

ಇದನ್ನು ನೋಡಿದ್ದೇನೆ ಅನ್ನಿಸಿತು.
ಪರದೆಯಲ್ಲಲ್ಲ, ಚೂರಿಯ ತುದಿಯಲ್ಲಿ.

ಕೊಯ್ದ ಕುರಿಯ ಪುಪ್ಪುಸದಲ್ಲಿ, ಈಲಿಯಲ್ಲಿ
ದ್ರಾಕ್ಷಿಯಷ್ಟು, ಕೆಲವೊಮ್ಮೆ ಮೊಟ್ಟೆಯಷ್ಟು ನೀರ್ಗುಳ್ಳೆ.
ಮುದಿಕುರಿ, ಎಲ್ಲೋ ಕೆಟ್ಟ ನೀರು ಕುಡಿದಿದೆ, ಅನ್ನುತ್ತಿದ್ದೆವು.
ನಮಗೆ ಬೇಡ; ಹಾಗಂತ ದಂಡ ಮಾಡುವುದುಂಟೆ?
ಬಾಗಿಲಲ್ಲಿ ಕೂತವನು ಬೆಳಗಿನಿಂದ ಜೊಲ್ಲು ನುಂಗುತ್ತಿದ್ದಾನೆ.
ತಗೋ ಮಗನೇ.
ನನ್ನವಳ ವರ್ಷದೂಟಕ್ಕೆ ಕೊಯ್ದ ದಿನವೂ ಎಸೆದೆ.
ಆಗ ಸಿಂಬಾತ್‌ಗೆ ನಾಲ್ಕು.
ಸತ್ತ ಅಜ್ಜಿಯ ಹಾಸಿಗೆ ಬೇಡವೆಂದು
ಅವನ ಪಕ್ಕೆಗೆ ಒರಗಿ ನಿದ್ದೆ ಹೋಗುತ್ತಿದ್ದಳು;
ಎದ್ದವಳೇ ಅದೇ ಕೈಯಲ್ಲಿ ರೊಟ್ಟಿ.

ಓಶ್ ಪಟ್ಟಣದ ಡಾಕ್ಟರು ಚೀಟಿಯ ಹಿಂಬದಿಯಲ್ಲಿ
ಚಿತ್ರ ಬರೆದು ತಿಳಿಸಿದರು.
ನಾಯಿಯ ಕರುಳಲ್ಲಿ ನುಚ್ಚಕ್ಕಿಯಷ್ಟೂ ಇಲ್ಲದ ಲಾಡಿಹುಳು,
ಒಂದಲ್ಲ, ನೂರಾರು.
ಅದರ ಮೊಟ್ಟೆ ಕಣ್ಣಿಗೆ ಕಾಣದು:
ಹುಲ್ಲಿನ ಮೇಲೆ, ತೊರೆಯಲ್ಲಿ, ಮೂತಿಯ ಕೂದಲಲ್ಲಿ.
ಕುರಿ ಮೇಯುತ್ತದೆ, ಮಗು ಮುದ್ದಾಡುತ್ತದೆ.
‘ಮನುಷ್ಯರೊಳಗೆ ಹೊಕ್ಕರೆ ಅದಕ್ಕೂ ಮುಂದೆ ದಾರಿಯಿಲ್ಲ, ಯಜಮಾನರೇ.
ನಿಮ್ಮ ಈಲಿಯನ್ನು ಯಾರೂ ನಾಯಿಗೆ ಹಾಕುವುದಿಲ್ಲವಲ್ಲ.’

ನಾಯಿ, ಕುರಿ, ಮಗು. ನಡುವೆ ಬಾಣಗಳು.
ಕುರಿಯಿಂದ ನಾಯಿಗೆ ಹೋಗುವ ಬಾಣವನ್ನು
ಒಂದೇ ಎಳೆತಕ್ಕೆ ಎಳೆದಿದ್ದರು.
ಅಲ್ಲೊಬ್ಬ ಮುದುಕ ನಿಂತಿದ್ದಾನೆ, ಕೈಯಲ್ಲಿ ಚೂರಿಯಿದೆ
ಎಂದು ಬಾಯಿಗೆ ಬಂತು. ಹೇಳಲಿಲ್ಲ.
ಚೀಟಿ ಮಡಚಿ ಟೊಪ್ಪಿಯೊಳಗೆ ಇಟ್ಟುಕೊಂಡೆ.

ನಾಲ್ಕು ತಾಸು. ಆಮೇಲೆ ತಟ್ಟೆಯಲ್ಲಿ ತಂದು ತೋರಿಸಿದರು,
ಬೆಂದ ಮೊಟ್ಟೆಯಂಥ ಬಿಳಿ ಪೊರೆ.
ಸೊಸೆ ಹೊರಗೆ ಹೋಗಿ ಗಂಡನಿಗೆ ಫೋನು ಹಚ್ಚಿದಳು:
ನಾಯಿಗೆ ಗುಂಡು ಹೊಡಿ.
ಮಗ ಬಂದೂಕು ಇಳಿಸಿದ್ದನಂತೆ ಕೂಡ.
ಹೊಡೆಯಲಿಲ್ಲ, ಯಾಕೆಂದು ಇವತ್ತಿಗೂ ಹೇಳಿಲ್ಲ.

ಮೂರನೇ ದಿನ ಸಿಂಬಾತ್ ಕೇಳಿದಳು,
‘ಅಜ್ಜಾ, ಅವನಿಗೂ ಹೊಟ್ಟೆನೋವಾ?’
ಇಲ್ಲ ಮಗಳೇ.
ಅವನಿಗೆ ಏನೂ ಗೊತ್ತೇ ಇಲ್ಲ.

ಈಗ ದೊಡ್ಡಿಯ ಹಿಂದೆ ಆಳುದ್ದದ ಗುಂಡಿ,
ಮೇಲೆ ತಗಡು, ತಗಡಿನ ಮೇಲೆ ಕಲ್ಲು.
ಗುಳ್ಳೆಯಿದ್ದದ್ದು, ಇಲ್ಲದ್ದು, ಎಲ್ಲವೂ ಅಲ್ಲಿಗೆ, ಸುಣ್ಣದ ಜೊತೆ.
ಸಿಂಬಾತ್ ದೂರದಿಂದ ಸಿಳ್ಳೆ ಹಾಕುತ್ತಾಳೆ,
ಅವನು ಓಡಿಬಂದರೆ ತಲೆ ಸವರಿ
ನೇರ ಸೋಪಿನ ಹತ್ತಿರ ಹೋಗುತ್ತಾಳೆ,
ಹೇಳಿಸಿಕೊಳ್ಳದೆ. ಅದೇ ನನಗೆ ಸಂಕಟ.

ಕುರಿ ಕೊಯ್ದ ದಿನ ಅಕ್ತೋಶ್ ಇನ್ನೂ ಬಾಗಿಲಿಗೆ ಬರುತ್ತಾನೆ.
ಮುಖ ನೋಡುವುದಿಲ್ಲ, ಕೈ ನೋಡುತ್ತಾನೆ.
ಬರಿಗೈ ಬಿಡಿಸಿ ತೋರಿಸುತ್ತೇನೆ. ನಂಬುವುದಿಲ್ಲ.
ಅವನಮ್ಮನಿಗೂ ಅವಳಮ್ಮನಿಗೂ ಕೊಟ್ಟ ಕೈ.

ಪಕ್ಕದ ಮನೆಯ ಅಗುಳಿ ಬಡಿಯುತ್ತಿದ್ದಾಳೆ ತಾಜಿಗುಲ್.
ಒಳಗಿನಿಂದ ಇಪ್ಪತ್ತೆಂಟನೆಯದು ಬೊಗಳುತ್ತಿದೆ.