ಸ್ಲೇಟು ಒರೆಸುವ ನೀರು

ಅವರು ಬಂದದ್ದು ಮಂಗಳವಾರ, ಮೂವರು,
ಬಿಯರ್ ಪೀಪಾಯಿಗಳ ಗಾಡಿಯ ಹಿಂಬದಿಗೆ
ಕಾಲು ಇಳಿಬಿಟ್ಟು ಕೂತು.
ನಮ್ಮಪ್ಪ ಗುಂಡಿಯೊಳಗಿಂದ ತಲೆ ಎತ್ತಿ ಅಂದ:
ಈ ಬೆಂಕಿಯೊಳಗೆ ಕರೀ ಉಣ್ಣೆ ಉಟ್ಟು ಬಂದವರು
ಒಂದೋ ಹುಚ್ಚರು, ಇಲ್ಲಾ ದೇವರ ಕಡೆಯವರು.
ಎರಡಕ್ಕೂ ಇಲ್ಲಿ ಕೂಲಿಯಿಲ್ಲ.

ಡನ್ನಿ ಸೋಕ್ ಅಂದರೆ ಏನು ಮಹಾ ಊರು?
ಪಶ್ಚಿಮ ಆಸ್ಟ್ರೇಲಿಯಾದ ಕೆಂಪು ನೆಲದಲ್ಲಿ
ಚಿನ್ನದ ಆಸೆಗೆ ತೋಡಿಬಿಟ್ಟ ಸಾವಿರ ಗುಂಡಿ,
ಹನ್ನೊಂದು ಹೆಂಡದಂಗಡಿ,
ನೆಲದ ಉಪ್ಪುನೀರು ಕುದಿಸಿ, ಆವಿ ಹಿಡಿದು,
ಗ್ಯಾಲನ್ ಲೆಕ್ಕದಲ್ಲಿ ಮಾರುವ
ಮಕ್ಕಾರ್ಕ್‌ಡೇಲ್ ಎಂಬ ಜಿಪುಣ.
ಹಾಲಿಗಿಂತ ನೀರು ತುಟ್ಟಿ.
ಹಾಲಾದರೂ ಎಲ್ಲಿತ್ತು? ಡಬ್ಬಿಯದು.

ಶಾಲೆಗೆ ಗೋಡೆಯಿರಲಿಲ್ಲ. ಗೋಣಿತಟ್ಟು,
ಮೇಲೊಂದು ಕೈ ಸುಣ್ಣ.
ಭಾನುವಾರ ಅದೇ ಇಗರ್ಜಿ;
ಸೋಮವಾರ ಬಲಿಪೀಠಕ್ಕೆ ಪರದೆ ಎಳೆದರೆ
ಈಚೆಗೆ ನಲವತ್ತೊಂದು ಮಕ್ಕಳು,
ಆಚೆಗೆ ಯೇಸು, ಅವನೂ ಮಗ್ಗಿ ಕೇಳುತ್ತ.
ಸಂಬಳ ಸರ್ಕಾರದ್ದಲ್ಲ, ಬಿಷಪ್ಪರದ್ದೂ ಅಲ್ಲ.
ಸಂಜೆ ಸಿಸ್ಟರ್ ಈಟಾ
ಹೆಂಡದಂಗಡಿ ಯಜಮಾನರ ಹೆಣ್ಣುಮಕ್ಕಳಿಗೆ
ಪಿಯಾನೋ ಕಲಿಸುತ್ತಿದ್ದರು.
ಬಿಸಿಲಿಗೆ ಬಿರಿದು ಮೂರು ಮಣೆ ಸತ್ತಿದ್ದ ಪಿಯಾನೋ.
ಆ ತಪ್ಪು ಸ್ವರಗಳಿಂದ ನಮಗೆ ಬಳಪ ಬರುತ್ತಿತ್ತು.

ಸ್ಲೇಟಿಗೆ ಉಗುಳಿ ತೋಳಲ್ಲಿ ಒರೆಸುವುದು ನಮ್ಮ ಪದ್ಧತಿ.
ಸಿಸ್ಟರ್ ಅಟ್ರಾಕ್ಟ ಮೊದಲ ದಿನವೇ ನಿಲ್ಲಿಸಿದರು:
ಊರಲ್ಲಿ ಟೈಫಾಯ್ಡ್ ಇದೆ, ಎಂಜಲು ಬೇಡ.
ಮತ್ತೆ ನೀರು?
ಮರುದಿನದಿಂದ ಒಂದು ತಗಡಿನ ಲೋಟ ಬಂತು,
ಒಂದು ಫ್ಲಾನಲ್ ಚೂರು.
ಮೂವರೂ ಮುಖ ತೊಳೆಯುವುದು ಬಿಟ್ಟಿದ್ದಾರೆಂದು
ನಮಗೆ ತಿಳಿಯಲು ವಾರ ಹಿಡಿಯಿತು.
ಆ ಬಟ್ಟೆ ಕೈಯಿಂದ ಕೈಗೆ ಹೋಗಿ
ಕೊನೆಯ ಸಾಲಿಗೆ ಬರುವಷ್ಟರಲ್ಲಿ ಬೂದಿಗಂಜಿ.
ಅದಕ್ಕೇ ದಿನಕ್ಕೊಂದು ಸಾಲು ಮೊದಲು.
ನ್ಯಾಯ ಅಂದರೇನೆಂದು ನಾನು ಕಲಿತದ್ದು ಹಾಗೆ,
ಒದ್ದೆಯಿಂದ.

ಆಮೇಲೆ ಶುಕ್ರವಾರಗಳಂದು
ಬೆಳಗಾಗುವ ಮುಂಚೆ ಬಾಗಿಲಲ್ಲಿ
ತೊಗಲಚೀಲದ ತುಂಬ ನೀರು.
ಸಿಸ್ಟರ್ ಲೆಕ್ಕದ ಪುಸ್ತಕದಲ್ಲಿ ಬರೆದರು:
ಸಂತ ಜೋಸೆಫರಿಂದ, ಎರಡು ಗ್ಯಾಲನ್.
ನಮಗೂ ಓದಿ ಹೇಳಿದರು, ಕಣ್ಣಲ್ಲಿ ನೀರಾಡುತ್ತ.
ಮೂರನೇ ಶುಕ್ರವಾರ ಗುಲಾಲೈ ಕೈ ಎತ್ತಿದಳು,
ಒಂಟೆಯವರ ಡೇರೆಯಿಂದ ಬರುವವಳು:
ಅದು ನಮ್ಮಪ್ಪ, ಸಿಸ್ಟರ್.
ತರಗತಿ ಉಸಿರು ಬಿಗಿಹಿಡಿಯಿತು.
ಸಿಸ್ಟರ್ ಅಟ್ರಾಕ್ಟ ಬೆಂಚಿನ ಮೇಲೆ ಕುಸಿದು
ನಕ್ಕರು ನೋಡಿ, ಗೋಣಿಗೋಡೆ ಅಲುಗುವಂತೆ.
ಹೆಸರು ಕೇಳಿ, ಕಾಗುಣಿತ ಕೇಳಿ ಬರೆದರು:
ಮೀರ್ ದಾದ್, ಒಂಟೆಯವರು.
ಜೋಸೆಫರ ಹೆಸರನ್ನು ಮಾತ್ರ ಹೊಡೆದುಹಾಕಲಿಲ್ಲ.

ಫೆಬ್ರವರಿಯಲ್ಲಿ ಸಿಸ್ಟರ್ ಈಟಾ ಮಲಗಿದರು.
ಇಪ್ಪತ್ಮೂರು ವಯಸ್ಸು.
ಹಿಂದಿನ ಸಂಜೆ ನನ್ನ ಸ್ಲೇಟಿನಲ್ಲಿ
ಏಳೆಂಟ್ಲಿ ಐವತ್ತಾರರ ಪಕ್ಕ
ಒಂದು ಸರಿ ಗುರುತು ಹಾಕಿದ್ದರು,
ಬಾಲ ಉದ್ದ, ಸ್ವಲ್ಪ ಮೇಲಕ್ಕೆ ಹಾರಿದಂತೆ.
ಸಂಜೆ ಪಿಯಾನೋ ನಿಂತಿತು.
ಹತ್ತೊಂಬತ್ತನೇ ದಿನ
ಅಪ್ಪ, ಕೂಲಿಯಿಲ್ಲ ಅಂದಿದ್ದವನು,
ಗುಂಡಿ ತೋಡಲು ಹೋದ. ಚಿನ್ನಕ್ಕಲ್ಲ.
ಅಷ್ಟು ದಿನವೂ ನಾನು
ಸ್ಲೇಟಿನ ಒಂದೇ ಮಗ್ಗುಲಲ್ಲಿ ಬರೆದೆ,
ಇನ್ನೊಂದನ್ನು ಎದೆಗೆ ತಾಗದಂತೆ ಹಿಡಿದು ಮನೆಗೊಯ್ದೆ.

ಮರುದಿನ ಶಾಲೆಗೆ ರಜೆ ಇರಲಿಲ್ಲ.
ಲೋಟ ಬಂತು. ನಮ್ಮ ಸಾಲು ಮೊದಲು.
ಸಿಸ್ಟರ್ ಅಟ್ರಾಕ್ಟ ನನ್ನ ಸ್ಲೇಟು ತಿರುಗಿಸಿದರು,
ನೋಡಿದರು.
ನೊಣಗಳ ಸದ್ದು, ದೂರದಲ್ಲಿ ಗಣಿಯ ಕುಟ್ಟಾಣಿ.
ಹೊರಗಿನ ಮರದಲ್ಲೊಂದು ಕಾಗೆ
ಕೂಗಿ ಕೂಗಿ ಸುಮ್ಮನಾಯಿತು.
ಆಮೇಲೆ ಬಟ್ಟೆಯನ್ನು ಅದ್ದಿ, ಹಿಂಡದೆ,
ನನ್ನ ಕೈಗಿಟ್ಟರು.
ಒರೆಸು, ಹನೋರಾ.
ಇವತ್ತು ಭಾಗಾಕಾರ.
ಜಾಗ ಬೇಕಾಗುತ್ತದೆ.