ತಳದಿಂದ ಓದೂದು

ಮೂರು ತೂತಿನ ಕಾಸು ನನ್ನ ಹತ್ರ ಅದಾವ.
ಹಳೇ ಬಾಗಲಕೋಟಿಯಿಂದ ಬಂದ ಸಾಮಾನಿನೊಳಗ
ಯಾವ ಪಟ್ಟಿಗೂ ಸೇರದ ಬಂದವು ಇವಷ್ಟ.
ಅಜ್ಜಿ ಕೂಸುಗಳ ಉಡದಾರಕ್ಕ ಕಟ್ಟತಿದ್ದಳು,
ನಾ ಗುಂಡಿ ಡಬ್ಬಿಗೆ ಹಾಕಿಟ್ಟೆ.

ರಾಜೇಸಾಬ ಮಾಸ್ತರು ಪೈಜಾಮಕ್ಕ ಲಾಡಿ ಹಾಕಸಾಕ ಬಂದವರು
ಡಬ್ಬಿ ಕೆದರಿ, "ದ್ರಾಕ್ಷಾಯಣಿ,
ಚೀನಾದಾಗ ಇಂಥವು ಮೂರು ಇದ್ರ ಸಾಕವಾ,
ಒಂದು ಮಾತು ಕೇಳಬಹುದು" ಅಂದ್ರು.

"ಭವಿಷ್ಯ ಹೇಳತೀರೇನ್ರಿ?"
"ನಾ ಲೆಕ್ಕದ ಮಾಸ್ತರ. ಲೆಕ್ಕ ಹೇಳತೀನಿ.
ಉಳದದ್ದು ನಿನಗ ಬಿಟ್ಟದ್ದು."

ಕಿರೀಟದ ಮಗ್ಗಲಿಗೆ ಮೂರು,
ಎಲಿಬಳ್ಳಿ ಮಗ್ಗಲಿಗೆ ಎರಡು.
ಕೂಡಿಸಿದರ ಆರು, ಏಳು, ಎಂಟು, ಒಂಬತ್ತು,
ಬ್ಯಾರೆ ಏನೂ ಬರಂಗಿಲ್ಲ.
ಬೆಸ ಬಂದ್ರ ಇಡೀ ಗೀಟು,
ಸಮ ಬಂದ್ರ ನಡುವ ಹರದ ಗೀಟು.
ಇದನ್ನ ನನಗ ಬಿಡಿಸಿ ಹೇಳಬೇಕಾಗಿರಲಿಲ್ಲ:
ಖಡುವಿಲೆ ಎಳದರ ಇಡೀ,
ಕಚ್ಚಾ ಟಾಕಿ ಹಾಕಿದರ ಹರಕು.
ಈ ಎರಡರೊಳಗ ನಂದು ಹಗಲು ಹೋಗತದ.

"ಕೇಳೂದನ್ನ ಬಾಯಿ ಬಿಟ್ಟು ಕೇಳಬ್ಯಾಡ."
ಮನಸಿನ್ಯಾಗ ಕೇಳಿದೆ:
ಈ ಅಂಗಡಿ ಮಾರಲೋ, ಇಟ್ಟುಕೊಳ್ಳಲೋ.

ಮೊದಲ ಸಲ ಮೂರೂ ಎಲಿಬಳ್ಳಿ. ಆರು.
ಕೈಗೆ ಸಿಕ್ಕ ಅಸ್ತರಿನ ತುಂಡಿನ ಮ್ಯಾಲ ಗೀಚಾಕ ಹೋದೆ.
"ತಳಕ್ಕ ಬರಿ."
"ಮ್ಯಾಲಿಂದ ಅಲ್ಲೇನ್ರಿ?"
"ಮನಿ ಎಲ್ಲಿಂದ ಕಟ್ಟತಾರ?"
ಏಳು. ಏಳು. ಎಂಟು.
ಒಂದು ಕಾಸು ಮಶೀನಿನ ಕೆಳಗ ಉರುಳಿತು,
ಇಬ್ಬರೂ ಮೊಣಕಾಲೂರಿ ಬಗ್ಗಿ ನೋಡಿದಿವಿ. ಏಳು.
ಕಡೀಕ ಎಂಟು.

"ಕೆಳಗಿನ ಮೂರು ಗಾಳಿ.
ಗಾಳಿನೂ ಹೌದು, ಕಟ್ಟಿಗಿನೂ ಹೌದು, ಅವರಿಗೆ ಎರಡೂ ಒಂದ.
ಮ್ಯಾಲಿನ ಮೂರು ನೀರು. ನೋಡು,
ಆಕಡಿ ಈಕಡಿ ಹರಕು ದಂಡಿ,
ನಡುವ ಹರಿಯೋ ಇಡೀ ಗೀಟು.
ಹಿಂಗ ಮೂರ ಗೀಟಿನವು ಎಂಟು,
ಒಂದರ ಮ್ಯಾಲೊಂದು ಕೂಡಿಸಿದರ
ಎಂಟೆಂಟ್ಲೆ ಅರವತ್ತನಾಲ್ಕು.
ಕಟ್ಟಿಗಿ ನೀರಾಗ ಇಳದರ ಏನವಾ?"

ಕಿಲ್ಲಾದಾಗಿನ ನಮ್ಮ ರಾಟಿ ಕಿರ್ ಅಂತು.
"ಬಾವಿ" ಅಂದೆ.
ಮಾಸ್ತರು ಕನ್ನಡಕ ತಗದು ಒರಸಿಕೊಂಡ್ರು.
"ಅದರ ಹೆಸರ ಅದು."

ಹಿನ್ನೀರು ಬಂದ ವರ್ಷ
ಬಾಗಿಲಾ ತಂದಿವಿ, ತೊಲಿ ತಂದಿವಿ,
ಕಟ್ಟಿಯ ಕಲ್ಲು ಎಣಿಸಿ ಹನ್ನೆರಡು ತಂದಿವಿ.
ಬಾವಿಗೆ ಹೊಂದೂ ಲಾರಿ ಇರಲಿಲ್ಲ.
ಪರಿಹಾರದ ಕಾಗದದಾಗ ಒಂದು ಸಾಲು:
ಸೇದುಬಾವಿ, ಒಂದು.
ಬ್ಯಾಸಗಿ ಕಡೀಕ ನೀರು ಇಳದಾಗ
ಅದರ ಕೊರಳು ಕಾಣತದ,
ಒಳಗ ಕೆಸರು,
ಹೋದ ವರ್ಷ ಯಾರದೋ ಒಂದ ಚಪ್ಪಲಿ.

"ಇನ್ನೂ ಮುಗದಿಲ್ಲ. ತಳದ್ದು ಆರಲ್ಲೇನು?
ಆರಂದ್ರ ಮುಪ್ಪಾದ ಹರಕು,
ಹರದು ಹರದು ಸಾಕಾಗಿ ಕೂಡಿಕೋತದ."
ನನ್ನ ಖಡು ತಗೊಂಡು
ಎರಡು ತುಂಡಿನ ನಡುವಿನ ಸಂದಿ ತುಂಬಿದ್ರು.
"ಈಗ ಕೆಳಗ ಮೂರೂ ಇಡೀ. ಮುಗಿಲು.
ಮುಗಿಲ ಮ್ಯಾಲ ನೀರು, ಬಿದ್ದಿಲ್ಲ ಇನ್ನೂ."
"ಇದರ ಹೆಸರು?"
"ಕಾಯೂದು."

ನನಗ ನಗು ಬಂತು.
ನವನಗರದವರಿಗೆ ಇದನ್ನ ಹೇಳಾಕ
ಚೀನಾದಿಂದ ಬರಬೇಕಾಗಿತ್ತೇನು?
ಹಕ್ಕುಪತ್ರಕ್ಕ, ನಳಕ್ಕ, ಎರಡನೇ ಕಂತಿಗೆ,
ಸೆಕ್ಟರಿನ ನಂಬರು ಊರಿನ ಹೆಸರು ಆಗೂದಕ್ಕ.

"ಹಂಗಾರ ಅಂಗಡಿ ಮಾರಲ್ಯೋ ಬ್ಯಾಡ್ಯೋ?"
ಬಾಯಿ ತಪ್ಪಿ ಬಂದುಬಿಡ್ತು.
"ಅದನ್ನ ಕೇಳಿದ್ದೇನ ನೀ?"
ಮಾಸ್ತರು ಲಾಡಿ ಎಳದು ನೋಡಿ,
ಹತ್ತು ರೂಪಾಯಿ ಮಶೀನಿನ ಮ್ಯಾಲ ಇಟ್ಟು ಹೋದ್ರು.

ಸಂಜೀಕ ಶಿರೂರ ಬಾಳವ್ವ ಖಣದ ಕುಪ್ಪಸಕ್ಕ ಬಂದಳು.
ಅವಸರದಾಗ ಅದ ಅಸ್ತರು ಒಳಗ ಹೊಲದುಬಿಟ್ಟಿದ್ದೆ,
ಗೀಟು ಝಾಡಿಸಲಿಲ್ಲ,
ಬೆನ್ನೆಲುಬಿಗುಂಟ ಆರು.
ನೆಟ್ಟಗ ಬಂದಾವೋ ತಲಿಕೆಳಗೋ, ಗೊತ್ತಿಲ್ಲ;
ತಲಿಕೆಳಗಾದರ ಅದಕ್ಕ ಬ್ಯಾರೆ ಹೆಸರಂತ.

ಪರದೆ ಹಿಂದ ಹಾಕ್ಕೊಂಡು ನೋಡಿ
"ಬೆನ್ನಿಗೆ ತಂಪ ಹತ್ತತೈತಲ್ಲ" ಅಂದಳು ಬಾಳವ್ವ.
"ಅಸ್ತರು ಹೊಸಾದು" ಅಂದೆ.