ಆಡಿಗೆ ಗೊತ್ತಿತ್ತು

ಮೊದಲು ಕಂಡುಹಿಡಿದದ್ದು ಡಾಕ್ಟರಲ್ಲ,
ಮಾಬೂಬಿಯ ಆಡು.
ಕಟ್ಟೆಯ ಮೇಲೆ ಕೂತ ನನ್ನ ಮೊಣಕೈಯನ್ನು
ನೆಕ್ಕಿದ್ದೇ ನೆಕ್ಕಿದ್ದು, ಬಿಡಲೊಲ್ಲದು.
ಕಚಗುಳಿಗೆ ನಕ್ಕು, ನಕ್ಕದ್ದಕ್ಕೆ ಕೆಮ್ಮಿ,
ಕೆಮ್ಮಿದ್ದಕ್ಕೆ ನೀಲಿಯಾದೆನಂತೆ.
ಅವ್ವ ಓಡಿಬಂದು ಹಣೆಗೆ ತುಟಿಯಿಟ್ಟು
"ಎಷ್ಟ ಉಪ್ಪೈತಿ ಈ ಕೂಸು" ಅಂದಳು.
ದೃಷ್ಟಿ ತೆಗೆಯಲು ನಿವಾಳಿಸಿ
ಒಲೆಗೆ ಹಾಕಿದ್ದೂ ಉಪ್ಪನ್ನೇ.

ಆರು ವರ್ಷ ಟಿ.ಬಿ. ಎಂದರು, ಉಬ್ಬಸ ಎಂದರು,
ಜಂತು ಎಂದವರೂ ಇದ್ದರು.
ಬೆಳಗಾವಿಯಲ್ಲಿ ನನ್ನ ಬೆವರು ತೂಗಿ
ಒಂದು ಹೆಸರು ಕೊಟ್ಟರು: ಸಿಸ್ಟಿಕ್ ಫೈಬ್ರೋಸಿಸ್.
ಅಪ್ಪನ ಬಾಯಲ್ಲಿ ಅದು ಇಂದಿಗೂ ಸಿಸ್ಟರ್ ಪೈಬರ್,
ಯಾರೋ ದೂರದ ಅಕ್ಕ
ನಾಲ್ಕು ದಿನಕ್ಕೆಂದು ಬಂದು ಉಳಿದುಬಿಟ್ಟ ಹಾಗೆ.

ಗುಳೇದಗುಡ್ಡದ ಈ ಓಣಿಯಲ್ಲಿ
ನಸುಕಿಗೆ ಮೊದಲು ಏಳುವ ಸದ್ದು
ಮಗ್ಗದ್ದಲ್ಲ, ನನ್ನ ಬೆನ್ನಿನದು.
ಬೋರಲು ಮಲಗುತ್ತೇನೆ. ಅಪ್ಪ ಅಂಗೈ ಬೊಗಸೆ ಮಾಡಿ ತಟ್ಟುತ್ತಾನೆ,
ಡಬ್ಬಿಯ ತಳದಲ್ಲಿ ಕಾಳು ಉಳಿದಿದೆಯೇ ಎಂದು
ನೋಡುವವನ ಹಾಗೆ.
ಎಡಕ್ಕೆ ನೂರು, ಬಲಕ್ಕೆ ನೂರು.
ಆಮೇಲೆ ಅದೇ ಕೈ ಕುಣಿಗಿಳಿದು ಲಾಳಿ ಎಸೆಯುತ್ತದೆ.
ನಿನ್ನ ಬೆನ್ನು ತಪ್ಪಿದರೆ ಲಾಳಿಯೂ ತಪ್ಪುತ್ತದೆ
ಎನ್ನುತ್ತಾನೆ. ಸುಳ್ಳ.

ಹತ್ತೊಂಬತ್ತು ತುಂಬಿದ ವರ್ಷ ಒಂದು ದಿನ
ಬೆನ್ನು ಕೊಡಲಿಲ್ಲ ನಾನು.
"ಸಾಕು, ಎಷ್ಟಂತ ತಟ್ಟತಿ, ನಾ ಏನ್ ರೊಟ್ಟಿ ಏನ?"
ಹಬೆಯ ಯಂತ್ರ ಒಲ್ಲೆ, ತುತ್ತಿಗೆ ಮುಂಚಿನ ಮಾತ್ರೆ ಒಲ್ಲೆ.
ಹಿಂದಿನ ದಿನವಷ್ಟೇ ಕೆರೂರಿನವರು ಬಂದು
ಉಪ್ಪಿಟ್ಟು ತಿಂದು
ನನ್ನ ಕೆಮ್ಮು ಎಣಿಸಿಕೊಂಡು ಹೋಗಿದ್ದರು.

ಅಪ್ಪ ಏನೂ ಅನ್ನಲಿಲ್ಲ.
ಬೊಗಸೆ ಮಾಡಿದ ಕೈ ಬಿಡಿಸುವುದನ್ನು ಮರೆತು
ಹೊಸ್ತಿಲ ಮೇಲೆ ಕೂತ.
ಎಂಟು ಗಂಟೆಗೆ ಮಾಬೂಬಿ ಇಣುಕಿದಳು:
"ಯಾಕ ಮಾಗುಂಡಪ್ಪಾ, ಮಗ್ಗ ಸುಮ್ಮನೈತಿ, ಲಾಳಿ ಮುರೀತೇನು?"
"ಹೂಂ" ಅಂದ.

ಮೆಹಜಬೀನಳಿಗೆ ಮಾತ್ರ ಹೇಳಿದೆ.
ಜಮಖಂಡಿಯವಳು, ನನ್ನದೇ ರೋಗ, ಎರಡು ವರ್ಷ ಹಿರಿಯಳು.
ಒಂದೇ ಕೋಣೆಯಲ್ಲಿ ನಾವು ಕೂರುವಂತಿಲ್ಲ.
ಅವಳ ಎದೆಯಲ್ಲಿ ಮನೆಮಾಡಿದ ಕ್ರಿಮಿ ನನಗಾಗದು,
ನನ್ನವು ಅವಳಿಗಾಗವು.
ಆಸ್ಪತ್ರೆಯ ವರಾಂಡದಲ್ಲಿ ಒಮ್ಮೆ
ಆ ತುದಿಗೆ ಅವಳು, ಈ ತುದಿಗೆ ನಾನು,
ನಡುವೆ ನೆಲ ಒರೆಸುವವಳ ಬಕೆಟ್ಟು.
ಮಾಸ್ಕಿನ ಮೇಲೆ ಬರೀ ಕಣ್ಣು.
ಕೈ ಬೀಸಿದೆವು, ಬಸ್ಸು ಹೊರಟಾಗ ಬೀಸುವಂತೆ.

ಮಾತೆಲ್ಲ ಫೋನಿನಲ್ಲಿ. ಅಲ್ಲಿ ಕೆಮ್ಮಿಗೆ ಕೆಮ್ಮು,
ಯಾರೂ ನೀರು ಕುಡಿ ಅನ್ನುವುದಿಲ್ಲ.
"ನಾನೂ ಒಮ್ಮೆ ಮೂರು ದಿನ ಬಿಟ್ಟಿದ್ದೆ ಲೀಲಾ" ಅಂದಳು.
"ಸಿಟ್ಟು ಬೇಕಾದಷ್ಟು ಇಟ್ಕೋ. ಬೆನ್ನು ಮಾತ್ರ ಕೊಡು."
ಸ್ವಲ್ಪ ಹೊತ್ತು ಬಿಟ್ಟು,
"ನನಗೊಂದು ಖಣ ನೇಯ್ದು ಕಳಿಸು.
ಎಲ್ಲೆರೆ ಒಂದು ಎಳಿ ತಪ್ಪಿಸು,
ನಿನ್ನ ಕೈಯಿಂದ ಅಂತ ಗೊತ್ತಾಗಲಿ."

ಮರುದಿನ ನಾನೇ ಬೋರಲು ಮಲಗಿದೆ.
ಅಪ್ಪ ನೂರಕ್ಕೆ ನಿಲ್ಲಿಸಲಿಲ್ಲ.
ನಾನೂ ಹೇಳಲಿಲ್ಲ.

ಈಗ ಮಧ್ಯಾಹ್ನ ಅವನು ಅಡ್ಡಾದಾಗ ಕುಣಿಗಿಳಿಯುತ್ತೇನೆ.
ಹತ್ತು ಹೊಕ್ಕು, ಒಂದಿಷ್ಟು ಉಸಿರು, ಮತ್ತೆ ಹತ್ತು.
ನೀಲಿ ಮೈ, ಕೆಂಪು ಅಂಚು, ಸಣ್ಣ ಚುಕ್ಕಿ.
ಬೆವರು ಬಿದ್ದು ಒಣಗಿದಲ್ಲಿ ಬೆಳ್ಳನೆಯ ಗೆರೆ.
ಎಳೆ ತಪ್ಪಿಸಬೇಕಾಗಲಿಲ್ಲ,
ತಾನೇ ತಪ್ಪಿತ್ತು, ಮೂರು ಕಡೆ.
ಒಗೆದು, ಬಿಸಿಲಿಗೆ ಹರವಿ, ಅಂಚೆಗೆ ಹಾಕಬೇಕು.
ಅವಳ ಅಮ್ಮಿ ಇನ್ನೊಮ್ಮೆ ಒಗೆಯುತ್ತಾಳೆ, ಗೊತ್ತು,
ಒಗೆಯಲೇಬೇಕು.
ಬಣ್ಣ ಬಿಟ್ಟರೆ ಬಿಡಲಿ.

ಅಂದಿನಿಂದ ಅಪ್ಪ ದಿನಾ ರಾತ್ರಿ
ದೀಪ ಆರಿಸುವ ಮುಂಚೆ ಕೇಳುತ್ತಾನೆ:
"ಎಬ್ಬಸ್ಲೋ, ಬ್ಯಾಡೋ?"
ಉತ್ತರ ಕೊಡುವುದಿಲ್ಲ ನಾನು.
ದಿಂಬು ಸರಿಸಿ
ಆಗಲೇ ಬೋರಲು ಮಲಗಿರುತ್ತೇನೆ.